ಬೇಸಾಯಶಾಸ್ತ್ರದಲ್ಲಿ ಎಂಎಸ್ಸಿ, ಪಿಎಚ್‌ಡಿ: ರಾಯಚೂರಲ್ಲೇ ಓದಬೇಕೋ, ಹೊರಗೆ ಹೋಗಬೇಕೋ?

ಬಿಎಸ್ಸಿ ಕೃಷಿ ಕೊನೆಯ ವರ್ಷಕ್ಕೆ ಬಂದವರಿಗೆಲ್ಲ ಈ ಲೆಕ್ಕಾಚಾರ ಶುರುವಾಗುತ್ತದೆ. ಎಂಎಸ್ಸಿ ಮಾಡೋದಾ, ಸರ್ಕಾರಿ ಕೆಲಸಕ್ಕೆ ಓದೋದಾ? ಮಾಡೋದಾದರೆ ರಾಯಚೂರಲ್ಲೇ ಉಳಿಯೋದಾ, ಧಾರವಾಡಕ್ಕೋ ಬೆಂಗಳೂರಿಗೋ ಹೋಗೋದಾ, ದಿಲ್ಲಿಗೆ ಒಂದು ಕೈ ನೋಡೋದಾ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಕ್ಕಳು ಬಹುತೇಕ ಸೀನಿಯರ್‌ಗಳ ಮಾತು ಕೇಳಿ ಇದನ್ನು ತೀರ್ಮಾನಿಸುತ್ತಾರೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯ ಸಿಕ್ಕರೆ ಹೋಗು, ಸಿಗದಿದ್ದರೆ ಇಲ್ಲೇ ಇರು ಅನ್ನುವುದೇ ಅಲ್ಲಿನ ಸೂತ್ರ. ಬೇರೆ ವಿಷಯಗಳಿಗೆ ಇದು ಸರಿಹೋಗಬಹುದು. ಬೇಸಾಯಶಾಸ್ತ್ರಕ್ಕೆ (ಅಗ್ರಾನಮಿಗೆ) ಸರಿಹೋಗುವುದಿಲ್ಲ ಅಂತ ನಾನು ಬಲವಾಗಿ ನಂಬುತ್ತೇನೆ.

ಕಾರಣ ಸರಳ. ಬೇಸಾಯಶಾಸ್ತ್ರಕ್ಕೆ ಹೊಲವೇ ಪ್ರಯೋಗಾಲಯ. ಜೀನ್ ಮೇಲೆ ಕೆಲಸ ಮಾಡುವವರಿಗೆ ಯಂತ್ರ ಎಲ್ಲಿದೆಯೋ ಅಲ್ಲಿ ಕೆಲಸ. ನಮಗೆ ಹಾಗಲ್ಲ. ಯಾವ ಮಣ್ಣು, ಎಷ್ಟು ಮಳೆ, ಯಾವ ಕಾಲುವೆ, ಯಾವ ಕಳೆ, ಇವೆಲ್ಲ ಸೇರಿಯೇ ನಮ್ಮ ಪ್ರಶ್ನೆ ಹುಟ್ಟುವುದು. ದಿಲ್ಲಿಯ ಮೆಕ್ಕಲು ಮಣ್ಣಿನಲ್ಲಿ ಗೋಧಿಗೆ ಸಿಕ್ಕ ಉತ್ತರವನ್ನು ಸಿಂಧನೂರಿನ ಕಪ್ಪು ಎರೆ ಹೊಲಕ್ಕೆ ಹಾಗೇ ತಂದು ಹಾಕಲು ಬರುವುದಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ನೋಡಬೇಕಾದದ್ದು ನೀವು ಯಾವ ಸಮಸ್ಯೆಯ ಮೇಲೆ ಎರಡು ವರ್ಷ ಕೂರಲು ತಯಾರಿದ್ದೀರಿ ಅನ್ನುವುದನ್ನು. ನೋಡಬೇಕಾದ ಇನ್ನೊಂದು ಸಂಗತಿ ಗೈಡ್. ವಿಶ್ವವಿದ್ಯಾಲಯದ ಹೆಸರು ಆಮೇಲೆ ಬರಲಿ.

ಸಮಸ್ಯೆ ಹುಡುಕಲು ದೂರ ಹೋಗಬೇಕಿಲ್ಲ. ಕೊನೆಯ ವರ್ಷ ರಾವೆಗೆ (ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ) ಅಂತ ಹಳ್ಳಿಯಲ್ಲಿ ಉಳಿಯುತ್ತೀರಿ ಅಲ್ವಾ? ಅದನ್ನು ಸುಮ್ನೆ ರಿಪೋರ್ಟ್ ಬರೆದು ಮುಗಿಸಬೇಡಿ. ರೈತರು ಯಾವುದಕ್ಕೆ ಜಾಸ್ತಿ ದುಡ್ಡು ಸುರಿಯುತ್ತಿದ್ದಾರೆ, ಯಾವುದರ ಬಗ್ಗೆ ಅಂಗಡಿಯವನ ಮಾತನ್ನೇ ನಂಬಿಕೊಂಡಿದ್ದಾರೆ ಅಂತ ಬರೆದುಕೊಳ್ಳಿ. ಒಳ್ಳೆಯ ಪ್ರಬಂಧದ ವಿಷಯಗಳು ಅಲ್ಲೇ ಸಿಗುತ್ತವೆ.

ಓದಿನ ಚೌಕಟ್ಟು ಮೊದಲು ತಿಳಿದಿರಲಿ

ಎಂಎಸ್ಸಿ ಎರಡು ವರ್ಷ. ಈಗಿನ ಪಠ್ಯಕ್ರಮದಲ್ಲಿ ಒಟ್ಟು 70 ಕ್ರೆಡಿಟ್, ಅದರಲ್ಲಿ 30 ಪ್ರಬಂಧಕ್ಕೇ ಹೋಗುತ್ತದೆ. ಪಿಎಚ್‌ಡಿಗೆ 100 ಕ್ರೆಡಿಟ್, ಅದರಲ್ಲಿ 75 ಸಂಶೋಧನೆಗೆ. ಅಂದರೆ ಪಿಎಚ್‌ಡಿಯಲ್ಲಿ ಮುಕ್ಕಾಲು ಪಾಲು ಹೊಲದ ಕೆಲಸವೇ. ಮೊದಲ ವರ್ಷ ತರಗತಿಗಳು: ಮಣ್ಣಿನ ಫಲವತ್ತತೆ, ಕಳೆ ನಿರ್ವಹಣೆ, ನೀರು ನಿರ್ವಹಣೆ, ಒಣ ಬೇಸಾಯ, ಜೊತೆಗೆ ಸಂಖ್ಯಾಶಾಸ್ತ್ರ. ಸಂಖ್ಯಾಶಾಸ್ತ್ರ ಅಂದರೆ ಹೆದರುವವರು ಬಹಳ. ಆದರೆ ರ‍್ಯಾಂಡಮೈಸ್ಡ್ ಬ್ಲಾಕ್, ಸ್ಪ್ಲಿಟ್ ಪ್ಲಾಟ್ ಅನ್ನುವ, ಹೊಲವನ್ನು ತಾಕುಗಳಾಗಿ ಹಂಚಿ ಪ್ರಯೋಗ ಹಾಕುವ ಈ ವಿನ್ಯಾಸಗಳು ಗಣಿತದ ಶೋಕಿಗೆ ಹುಟ್ಟಿದವಲ್ಲ. ಒಂದೇ ಹೊಲದ ಈ ಮೂಲೆಗೂ ಆ ಮೂಲೆಗೂ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ಹುಟ್ಟಿದವು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೆಯುತ್ತಿದೆ. ಅಲ್ಲಿ ಗುಡ್ಡೆಬಿದ್ದ ಅಂಕಿಗಳನ್ನು ಬಿಡಿಸಲು 1919ರಲ್ಲಿ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಶರ್ ಈ ವಿಧಾನಗಳನ್ನು ಕಟ್ಟಿದರು. ನಮ್ಮ ಹೊಲಗಳಲ್ಲಂತೂ ಹತ್ತು ಹೆಜ್ಜೆಗೆ ಎರೆ ಹೋಗಿ ಕೆಂಪು ಮಸಾರಿ ಬರುತ್ತದೆ. ಇಲ್ಲಿ ಓದುವವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ.

ಇಲ್ಲೊಂದು ದೊಡ್ಡ ಅಪಾಯವಿದೆ. ಎಂಎಸ್ಸಿಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೇ ಹಂಗಾಮು. ಮೊದಲ ವರ್ಷ ತರಗತಿಗಳಲ್ಲಿ ಕಳೆಯುತ್ತದೆ, ಎರಡನೇ ವರ್ಷದ ಮುಂಗಾರಿಗೆ ಪ್ರಯೋಗ ಹಾಕುತ್ತೀರಿ. ಮಳೆ ಕೈಕೊಟ್ಟರೆ, ಕಾಲುವೆಗೆ ನೀರು ಬಾರದಿದ್ದರೆ, ಕಾಡುಹಂದಿ ನುಗ್ಗಿದರೆ ಮತ್ತೊಂದು ಅವಕಾಶ ಸಿಗುವುದು ಕಷ್ಟ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಬೆಚ್ಚಿಬಿದ್ದದ್ದು ನಿಮಗೆಲ್ಲ ನೆನಪಿದೆ. ಎರಡನೇ ಬೆಳೆಯ ಮೇಲೆ ಪ್ರಯೋಗ ಹಾಕುವವರು ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿಯ ಸಭೆ ಏನು ತೀರ್ಮಾನಿಸುತ್ತದೆ ಅಂತ ಕಾಯಬೇಕು. ಹಾಗಾಗಿ ಯಾವ ವಿಶ್ವವಿದ್ಯಾಲಯಕ್ಕೇ ಹೋಗಿ, ಪ್ರಯೋಗದ ತಾಕಿಗೆ ಬೋರ್‌ವೆಲ್ ಅಥವಾ ಕೃಷಿ ಹೊಂಡದ ನೀರು ಇದೆಯಾ ಅಂತ ಕಣ್ಣಾರೆ ನೋಡಿ.

ರಾಯಚೂರು

ರಾಯಚೂರು ಕೃಷಿ ವಿಶ್ವವಿದ್ಯಾಲಯ ಧಾರವಾಡದಿಂದ ಬೇರೆಯಾಗಿ 2008ರಲ್ಲಿ ಹುಟ್ಟಿತು. ರಾಜ್ಯದ ಹಳೆಯ ಎರಡು ಕೃಷಿ ವಿಶ್ವವಿದ್ಯಾಲಯಗಳಿಗೆ ಹೋಲಿಸಿದರೆ ವಯಸ್ಸು ಚಿಕ್ಕದು. ಈ ಒಂದು ಕಾರಣಕ್ಕೆ ಇದನ್ನು ಎರಡನೇ ಸಾಲಿಗೆ ತಳ್ಳುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ವಿಶ್ವವಿದ್ಯಾಲಯ ಹೊಸದು ಇರಬಹುದು, ಅದರ ಕೈಯಲ್ಲಿರುವ ಸಂಶೋಧನಾ ಕೇಂದ್ರಗಳು ಹೊಸವಲ್ಲ. ಬಳ್ಳಾರಿ ಹತ್ತಿರದ ಹಗರಿ ಕೇಂದ್ರ ಮದ್ರಾಸ್ ಪ್ರಾಂತ್ಯದ ಕಾಲದ್ದು. ಎರೆ ಭೂಮಿಯ ಜೋಳ, ಹತ್ತಿ ಅಂದರೆ ಅಲ್ಲಿ ಹಳೆಯ ಅನುಭವವಿದೆ. ಸಿರುಗುಪ್ಪ, ಸಿಂಧನೂರು ತಾಲ್ಲೂಕಿನ ಧಡೇಸೂಗೂರು, ಗಂಗಾವತಿ ಇವೆಲ್ಲ ಅಚ್ಚುಕಟ್ಟಿನ ನಡುವೆಯೇ ಇರುವ ಕೇಂದ್ರಗಳು. ಗಂಗಾವತಿ ಸೋನಾ ಭತ್ತ ಬಂದದ್ದು ಇಂಥ ಒಂದು ಕೇಂದ್ರದಿಂದಲೇ.

ಈಗ ವಿಷಯಕ್ಕೆ ಬರೋಣ. ಈ ಭಾಗದಲ್ಲಿ ಬೇಸಾಯಶಾಸ್ತ್ರದವರಿಗೆ ಇರುವಷ್ಟು ಕೆಲಸ ಎಲ್ಲಿದೆ ಹೇಳಿ? ತುಂಗಭದ್ರಾ ಯೋಜನೆ ಮಾಡಿದಾಗ ಎಡದಂಡೆಯ ಬಹುಪಾಲು ಜಮೀನು ಅರೆ ನೀರಾವರಿ ಬೆಳೆಗೆ ಅಂತ ಗುರುತಾಗಿತ್ತು. ಜೋಳ, ಹತ್ತಿ, ಶೇಂಗಾ ಬರಬೇಕಿತ್ತು. ಬಂದದ್ದು ನೆಲ್ಲು. ಮೇಲ್ಭಾಗದವರು ಗದ್ದೆ ತುಂಬಿಸಿಕೊಂಡರು, ಕೊನೆಭಾಗದ ಮಾನವಿ, ರಾಯಚೂರು ಕಡೆಯ ರೈತರು ವರ್ಷ ವರ್ಷ ನೀರಿಗಾಗಿ ರಸ್ತೆಗೆ ಇಳಿದರು. ಜಲಾಶಯದಲ್ಲಿ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಒಂದು ಕಡೆ ನೀರು ಕಡಿಮೆ, ಇನ್ನೊಂದು ಕಡೆ ನೀರು ಜಾಸ್ತಿ ನಿಂತು ನೆಲ ಸವಳು ಜವಳಾಗಿದೆ. ಮಣ್ಣಿನ ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಅನ್ನುತ್ತೇವೆ. ವಿನಿಮಯ ಸೋಡಿಯಂ ಪ್ರಮಾಣ ಶೇ. 15 ದಾಟಿ, ರಸಸಾರ 8.5ರ ಮೇಲೆ ಹೋದರೆ ಅದು ಕ್ಷಾರ, ಅದಕ್ಕೆ ಜಿಪ್ಸಂ ಬೇಕು. ಎರಡಕ್ಕೂ ಚಿಕಿತ್ಸೆ ಬೇರೆ. ಎಷ್ಟೋ ಕಡೆ ರೈತರು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಿ ದುಡ್ಡು ಕಳೆದುಕೊಳ್ಳುತ್ತಾರೆ. ಗಂಗಾವತಿಯಲ್ಲಿ ಲವಣಪೀಡಿತ ಮಣ್ಣಿನ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆಯ ಕೇಂದ್ರವಿದೆ. ಈ ವಿಷಯದಲ್ಲಿ ಪ್ರಬಂಧ ಮಾಡುವವರಿಗೆ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಇನ್ನೂ ಇವೆ. ನಾಟಿಗೆ ಆಳು ಸಿಗದೆ ರೈತರು ಕೂರಿಗೆಯಲ್ಲಿ ನೆಲ್ಲು ಬಿತ್ತಲು ಶುರು ಮಾಡಿದ್ದಾರೆ. ನೀರು ಉಳಿಯುತ್ತದೆ, ಕೂಲಿ ಉಳಿಯುತ್ತದೆ, ಆದರೆ ಕಳೆ ಮೇಲೇಳುತ್ತದೆ. ನಿಂತ ನೀರು ಕಳೆಯನ್ನು ತಡೆಯುತ್ತಿತ್ತು, ಈಗ ಆ ತಡೆ ಇಲ್ಲ. ಯಾವ ಕಳೆನಾಶಕ, ಯಾವ ದಿನ, ಎಡೆ ಯಾವಾಗ ಹೊಡೆಯಬೇಕು? ಇದರ ಮೇಲೆ ಎಷ್ಟು ಕೆಲಸ ಮಾಡಿದರೂ ಸಾಲದು. ಮಳೆಯಾಶ್ರಿತ ಭಾಗದಲ್ಲಿ ತೊಗರಿ, ಹಿಂಗಾರಿನ ಕಡಲೆ, ಬಿಳಿಜೋಳ ಇವೆ. ಎರೆ ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೇ ಇಡೀ ಬೆಳೆ ಬರಬೇಕು. ಬಿತ್ತನೆ ಹತ್ತು ದಿನ ಹಿಂದೆ ಮುಂದೆ ಆದರೂ ಇಳುವರಿ ಬದಲಾಗುತ್ತದೆ. ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ 1954ರಿಂದ ಇದೆ. ಒಡ್ಡು, ಜಲಾನಯನ, ಇಳಿಜಾರಿಗೆ ಅಡ್ಡ ಬಿತ್ತನೆ ಇಂಥ ವಿಷಯ ಹಿಡಿದವರು ಅಲ್ಲಿನ ವಿಜ್ಞಾನಿಗಳನ್ನು ತಮ್ಮ ಪ್ರಬಂಧದ ಸಲಹಾ ಸಮಿತಿಗೆ ಸೇರಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ ನೋಡಿ.

ರಾಯಚೂರಿನ ಕೊರತೆಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ನಿಲ್ಲುವುದು ದೇಹಕ್ಕೆ ನಿಜವಾಗಿಯೂ ಕಷ್ಟ. ಬೇರೆ ಬೇರೆ ರಾಜ್ಯದ ಸಹಪಾಠಿಗಳು ಕಡಿಮೆ. ಬಿಎಸ್ಸಿಯನ್ನೂ ಇಲ್ಲೇ ಮಾಡಿದವರು ಅದೇ ಮೇಷ್ಟ್ರು, ಅದೇ ಹಾಸ್ಟೆಲ್, ಅದೇ ಗೆಳೆಯರ ನಡುವೆ ಉಳಿದುಬಿಡುತ್ತಾರೆ. ಇಂಗ್ಲಿಷಿನಲ್ಲಿ ನಾಲ್ಕು ಜನರ ಮುಂದೆ ವಾದ ಮಾಡುವ ಅಭ್ಯಾಸ ತಾನಾಗಿ ಬರುವುದಿಲ್ಲ, ಹಟ ಹಿಡಿದು ಕಲಿಯಬೇಕು.

ಧಾರವಾಡ, ಬೆಂಗಳೂರು, ಶಿವಮೊಗ್ಗ

ಧಾರವಾಡ 1986ರಲ್ಲಿ ಬೇರೆ ವಿಶ್ವವಿದ್ಯಾಲಯವಾಯಿತು. ನಮ್ಮ ಭಾಗದ ಹಿರಿಯ ವಿಜ್ಞಾನಿಗಳಲ್ಲಿ ಬಹಳ ಜನ ಅಲ್ಲಿ ಓದಿದವರೇ. ವಿಜಯಪುರದ ಒಣ ಬೇಸಾಯ ಕೇಂದ್ರ, ನವಲಗುಂದ ತಾಲ್ಲೂಕಿನ ಬೆಳವಟಗಿಯ ನೀರು ನಿರ್ವಹಣಾ ಕೇಂದ್ರ ಅದರ ಕೈಯಲ್ಲಿವೆ. ಸಾವಯವ ಕೃಷಿಗೆ ಅಂತಲೇ ಅಲ್ಲಿ ಪ್ರತ್ಯೇಕ ಸಂಸ್ಥೆ ಇದೆ. ಮಣ್ಣು, ಮಳೆ, ಭಾಷೆ ಎಲ್ಲ ನಮಗೆ ಹತ್ತಿರ. ಕೊಪ್ಪಳದ ಹುಡುಗಿಗೆ ಮನೆಯಿಂದ ಹೋಗಿಬರಲೂ ಅನುಕೂಲ. ಒಣ ಬೇಸಾಯದಲ್ಲಿ ಆಸಕ್ತಿ ಇದ್ದರೆ, ಊರು ಬಿಟ್ಟ ಹಾಗೂ ಆಗಬೇಕು, ನಮ್ಮ ಹೊಲ ಮರೆತ ಹಾಗೂ ಆಗಬಾರದು ಅನ್ನುವವರಿಗೆ ಧಾರವಾಡವೇ ಸರಿ.

ಬೆಂಗಳೂರಿನ ಜಿಕೆವಿಕೆಯದು, ಅಂದರೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನದು, ಬೇರೆ ಲೋಕ. 1964ರ ವಿಶ್ವವಿದ್ಯಾಲಯ, ದೊಡ್ಡ ಗ್ರಂಥಾಲಯ, ಸುತ್ತಮುತ್ತ ದೇಶದ ದೊಡ್ಡ ಸಂಶೋಧನಾ ಸಂಸ್ಥೆಗಳು. ಅಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಬರೀ ಸಾರಜನಕ ಹಾಕುತ್ತಾ ಹೋದರೆ ಕೆಂಪು ಮಣ್ಣು ಏನಾಗುತ್ತದೆ ಅಂತ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ ತೋರಿಸಲಾರ, ಇಂಥ ಪ್ರಯೋಗ ತೋರಿಸುತ್ತದೆ. ಖಾಸಗಿ ಕಂಪನಿಗಳ ಸಂಪರ್ಕವೂ ಬೆಂಗಳೂರಲ್ಲಿ ಜಾಸ್ತಿ. ಆದರೆ ಅಲ್ಲಿ ಕಲಿಯುವುದು ಕೆಂಪು ಮಣ್ಣು, ರಾಗಿ, ಅವರೆ. ಖರ್ಚು ಹೆಚ್ಚು. ನಿಮ್ಮ ಗುರಿ ಕಂಪನಿಯ ಸಂಶೋಧನಾ ವಿಭಾಗವಾದರೆ ಬೆಂಗಳೂರು ಒಳ್ಳೆಯದು. ಎರೆ ಭೂಮಿಯ ವಿಜ್ಞಾನಿ ಆಗಬೇಕು ಅಂತಿದ್ದರೆ ಎಂಎಸ್ಸಿಗೆ ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ.

ಶಿವಮೊಗ್ಗ ಮಲೆನಾಡಿನ ಬೆಳೆಗಳಿಗೆ. ನಮ್ಮ ಕಡೆಯವರು ಅಲ್ಲಿ ಸೀಟು ಸಿಕ್ಕಿತು ಅನ್ನುವ ಕಾರಣಕ್ಕಷ್ಟೇ ಹೋಗುವುದನ್ನು ನೋಡಿದ್ದೇನೆ. ಒಳ್ಳೆಯ ಗೈಡ್ ಸಿಕ್ಕರೆ ಅದೂ ತಪ್ಪಲ್ಲ.

ದಿಲ್ಲಿಯ ಪೂಸಾ ಮತ್ತು ಐಸಿಎಆರ್ ಪರೀಕ್ಷೆ

ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1905ರಲ್ಲಿ ಬಿಹಾರದ ಪೂಸಾದಲ್ಲಿ ಹುಟ್ಟಿತು. 1934ರ ಭೂಕಂಪದಲ್ಲಿ ಕಟ್ಟಡ ಕುಸಿದು, 1936ರಲ್ಲಿ ದಿಲ್ಲಿಗೆ ಬಂತು. ಹೆಸರು ಮಾತ್ರ ಪೂಸಾ ಅಂತಲೇ ಉಳಿಯಿತು. ಅಲ್ಲಿಗೆ ಎಲ್ಲ ಸೀಟೂ ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ) ರಾಷ್ಟ್ರಮಟ್ಟದ ಪರೀಕ್ಷೆಯಿಂದಲೇ. ಎಂಎಸ್ಸಿ ಪರೀಕ್ಷೆಯಲ್ಲಿ 120 ಪ್ರಶ್ನೆ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ ಅನ್ನುವ ಮಾದರಿ ನಡೆದುಬಂದಿದೆ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟುಗಳೂ ಇದೇ ಪರೀಕ್ಷೆಯ ಮೂಲಕ ತುಂಬುತ್ತವೆ. ಉಳಿದವಕ್ಕೆ ರಾಜ್ಯದಲ್ಲಿ ಬೇರೆ ಅರ್ಜಿ ಕರೆಯುತ್ತಾರೆ. ಎರಡಕ್ಕೂ ಅರ್ಜಿ ಹಾಕಿ. ಒಂದನ್ನೇ ನಂಬಿ ಕೂತವರಿಗೆ ಒಂದು ವರ್ಷ ಸುಮ್ನೆ ಹೋಗುತ್ತದೆ.

ಈ ಪರೀಕ್ಷೆಯ ಮೆರಿಟ್‌ನಲ್ಲಿ ಮೇಲೆ ಬಂದವರಿಗೆ ಜೂನಿಯರ್ ಫೆಲೋಶಿಪ್ ಸಿಗುತ್ತದೆ. ಮನೆಯಲ್ಲಿ ಸಾಲ ಇರುವ ಹುಡುಗನಿಗೆ ಇದು ಸಣ್ಣ ಮಾತಲ್ಲ. ಪ್ರತಿ ತಿಂಗಳು ಅಪ್ಪನಿಗೆ ಫೋನ್ ಮಾಡಿ ದುಡ್ಡು ಕೇಳಬೇಕಾಗಿಲ್ಲ. ಹಾಗಾಗಿ ನನ್ನ ಮಾತು ಸ್ಪಷ್ಟ: ಫೆಲೋಶಿಪ್ ಸಮೇತ ಪೂಸಾ ಸಿಕ್ಕರೆ ಹೊರಡಿ, ಎರಡು ಮನಸ್ಸು ಬೇಡ. ಉಳುಮೆ ಇಲ್ಲದ ಬಿತ್ತನೆ, ಬೆಳೆ ಉಳಿಕೆ ನಿರ್ವಹಣೆ, ಉಪಗ್ರಹ ಚಿತ್ರ, ಬೆಳೆ ಮಾದರಿ ಇವುಗಳಲ್ಲಿ ಅಲ್ಲಿ ಸಿಗುವ ತರಬೇತಿ ಗಟ್ಟಿ. ಚಳಿ, ಊಟ, ಹಿಂದಿ ಇವೆಲ್ಲ ಒಂದು ಹಂಗಾಮಿನಲ್ಲಿ ಅಭ್ಯಾಸ ಆಗುತ್ತವೆ.

ಫೆಲೋಶಿಪ್ ಬರಲಿಲ್ಲ, ದೂರದ ಯಾವುದೋ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಬೇಸಾಯಶಾಸ್ತ್ರದ ಸೀಟು ಮಾತ್ರ ಬಂತು ಅನ್ನಿ. ಆಗ ಯೋಚನೆ ಮಾಡಿ. ಕೈಯಿಂದ ಖರ್ಚು ಮಾಡಿ, ಗೊತ್ತಿಲ್ಲದ ಬೆಳೆಯ ಮೇಲೆ, ಗೊತ್ತಿಲ್ಲದ ಗೈಡ್ ಹತ್ತಿರ ಎರಡು ವರ್ಷ ಕಳೆಯುವುದಕ್ಕಿಂತ ರಾಯಚೂರು ಅಥವಾ ಧಾರವಾಡ ಎಷ್ಟೋ ವಾಸಿ.

ಇನ್ನು ಜಾಹೀರಾತು ನೋಡಿ ಉತ್ತರ ಭಾರತದ ಯಾವುದೋ ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟುವವರಿಗೆ ಕೈಮುಗಿದು ಒಂದು ಮಾತು. ಏಜೆಂಟರು ಹಾಜರಾತಿ ಬೇಡ, ಪ್ರಬಂಧ ನಾವೇ ಮಾಡಿಸಿಕೊಡುತ್ತೇವೆ ಅನ್ನುತ್ತಾರೆ. ಪ್ರಯೋಗ ಮಾಡದೆ ಪಡೆದ ಪದವಿ ಹಿಡಿದು ನಾಳೆ ರೈತನ ಹೊಲಕ್ಕೆ ಹೋಗಿ ಸಲಹೆ ಕೊಡುವುದು ಅನ್ಯಾಯ. ಅದರ ನಷ್ಟ ಅವನ ಬೆಳೆಗೆ ಬೀಳುತ್ತದೆ. ಐಸಿಎಆರ್ ಮಾನ್ಯತೆ ಇದೆಯಾ, ಸಂಸ್ಥೆಗೆ ಸ್ವಂತ ಹೊಲ ಎಷ್ಟು ಎಕರೆ ಇದೆ, ಇವೆರಡನ್ನು ಮೊದಲು ಕೇಳಿ.

ಹೈದರಾಬಾದ್, ನಮಗೆ ಮರೆತುಹೋಗುವ ದಾರಿ

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆದರೂ ಓದಿನ ವಿಷಯ ಬಂದಾಗ ಆ ದಿಕ್ಕಿಗೆ ನೋಡುವವರು ಕಡಿಮೆ. ಅಲ್ಲಿ ರಾಜೇಂದ್ರನಗರದಲ್ಲಿ ತೆಲಂಗಾಣದ ಕೃಷಿ ವಿಶ್ವವಿದ್ಯಾಲಯ, ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಇವೆ. ಒಣ ಬೇಸಾಯಕ್ಕೆ 1985ರಲ್ಲಿ ಹುಟ್ಟಿದ ಕ್ರಿಡಾ ಅನ್ನುವ ಕೇಂದ್ರದ ಸಂಶೋಧನಾ ಸಂಸ್ಥೆ ಇದೆ. ಪಟಾನ್‌ಚೆರುವಿನಲ್ಲಿ 1972ರಿಂದ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ಇಕ್ರಿಸ್ಯಾಟ್‌ನ ಎರೆ ಭೂಮಿಯಲ್ಲಿ 1970ರ ದಶಕದಿಂದ ಅಗಲ ಮಡಿ, ಸಾಲು ಪದ್ಧತಿಯ ಜಲಾನಯನ ಪ್ರಯೋಗ ನಡೆಸಿಕೊಂಡು ಬಂದಿದ್ದಾರೆ. ಮುಂಗಾರಿನಲ್ಲಿ ಪಾಳು ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುತ್ತಿದ್ದ ಹೊಲದಲ್ಲಿ ಎರಡು ಬೆಳೆ ತೆಗೆಯಬಹುದು ಅಂತ ತೋರಿಸಿದ ಜಾಗ ಅದು. ತೊಗರಿ, ಕಡಲೆ, ಶೇಂಗಾ, ಜೋಳ, ಸಜ್ಜೆ ಅವರ ಬೆಳೆಗಳು. ಅಂದರೆ ನಮ್ಮ ಬೆಳೆಗಳೇ.

ಇಕ್ರಿಸ್ಯಾಟ್ ಪದವಿ ಕೊಡುವುದಿಲ್ಲ. ಬೇರೆ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿ, ಪ್ರಬಂಧದ ಕೆಲಸ ಅಲ್ಲಿ ಮಾಡಬಹುದು. ಅಲ್ಲಿನ ವಿಜ್ಞಾನಿ ನಿಮ್ಮ ಸಲಹಾ ಸಮಿತಿಯಲ್ಲಿ ಇರುತ್ತಾರೆ. ರಾಯಚೂರಲ್ಲಿ ಸೇರಿ ಹೀಗೆ ಮಾಡಿಕೊಂಡರೆ ಎರಡೂ ಕಡೆಯ ಲಾಭ ಸಿಗುತ್ತದೆ. ಇದಕ್ಕೆ ಗೈಡ್ ಒಪ್ಪಬೇಕು, ಮೊದಲ ಸೆಮಿಸ್ಟರ್‌ನಲ್ಲೇ ಪತ್ರ ವ್ಯವಹಾರ ಶುರುವಾಗಬೇಕು. ಎರಡನೇ ವರ್ಷ ನೆನಪಾದರೆ ಪ್ರಯೋಜನವಿಲ್ಲ. ಸವಳು ಭೂಮಿಯ ವಿಷಯ ಹಿಡಿದವರು ಇದೇ ರೀತಿ ಹರಿಯಾಣದ ಕರ್ನಾಲ್‌ನಲ್ಲಿರುವ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯನ್ನು ಕೇಳಬಹುದು.

ಬೇಸಾಯಶಾಸ್ತ್ರವೇ ಬೇಕಾ?

ಇದನ್ನೂ ಒಮ್ಮೆ ಕೇಳಿಕೊಳ್ಳಿ. ಮಣ್ಣು ವಿಜ್ಞಾನ ನಮ್ಮ ಪಕ್ಕದ ಮನೆ. ವಿಶ್ಲೇಷಣೆ, ರಸಾಯನಶಾಸ್ತ್ರ ಇಷ್ಟ ಇರುವವರಿಗೆ ಅದು ಒಗ್ಗುತ್ತದೆ, ಮಣ್ಣು ನೀರು ಪರೀಕ್ಷೆಯ ಲ್ಯಾಬ್‌ಗಳಲ್ಲಿ ಕೆಲಸವೂ ಇದೆ. ತಳಿ ಅಭಿವೃದ್ಧಿಗೆ ತಾಳ್ಮೆ ಬೇಕು. ನೀವು ಶುರು ಮಾಡಿದ ಸಾಲು ತಳಿಯಾಗಿ ಬರುವ ಹೊತ್ತಿಗೆ ಹತ್ತು ವರ್ಷ ಆಗಿರುತ್ತದೆ. ಬೀಜ ಕಂಪನಿಗಳಲ್ಲಿ ಅವರಿಗೆ ಬೇಡಿಕೆ ಹೆಚ್ಚು. ಬೇಸಾಯಶಾಸ್ತ್ರ ಇವೆಲ್ಲವನ್ನೂ ರೈತನ ಹೊಲದಲ್ಲಿ ಒಟ್ಟಿಗೆ ಜೋಡಿಸುವ ಕೆಲಸ. ಬಿಸಿಲಲ್ಲಿ ನಿಂತು ತೆನೆ ಎಣಿಸುವುದು, ಕಳೆ ಕಿತ್ತು ಒಣಗಿಸಿ ತೂಗುವುದು, ಕೂಲಿಯವರ ಜೊತೆ ಬೆಳಿಗ್ಗೆ ಆರಕ್ಕೆ ಹೊಲದಲ್ಲಿ ಇರುವುದು ಇಷ್ಟವಿಲ್ಲದವರು ದಯವಿಟ್ಟು ಇದನ್ನು ಆರಿಸಿಕೊಳ್ಳಬೇಡಿ.

ಎಂಎಸ್ಸಿಗೆ ನಿಲ್ಲಿಸೋದಾ, ಪಿಎಚ್‌ಡಿ ಮಾಡೋದಾ

ಮನೆಯಲ್ಲಿ ಕೇಳುವ ಪ್ರಶ್ನೆ ಇದೇ: "ಇನ್ನೂ ಓದಿ ಏನು ಮಾಡ್ತೀಯಪ್ಪಾ, ನಿನ್ನ ಜೊತೆಯವರೆಲ್ಲ ಕೆಲಸಕ್ಕೆ ಸೇರಿದರಲ್ಲ?" ಆ ಪ್ರಶ್ನೆ ನ್ಯಾಯವಾದದ್ದೇ. ಕೃಷಿ ಅಧಿಕಾರಿ ಹುದ್ದೆಗೂ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೂ ಬಿಎಸ್ಸಿ ಸಾಕು. ಅದೇ ಗುರಿಯಾದರೆ ಎಂಎಸ್ಸಿ ಸೀಟು ಹಿಡಿದು ಹಾಸ್ಟೆಲಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವುದು ಬೇಡ. ಬಹಳ ಜನ ಹೀಗೆ ಮಾಡುತ್ತಾರೆ. ಪ್ರಬಂಧವೂ ಕೆಡುತ್ತದೆ, ಪರೀಕ್ಷೆಯೂ ಕೆಡುತ್ತದೆ, ನಿಜವಾಗಿ ಸಂಶೋಧನೆ ಬೇಕಿದ್ದ ಒಬ್ಬರ ಸೀಟೂ ಹೋಗುತ್ತದೆ.

ಎಂಎಸ್ಸಿಯೇ ಬೇಕಾಗುವ ಕೆಲಸಗಳೂ ಇವೆ. ರಾಯಚೂರು, ಗಂಗಾವತಿ, ಹಗರಿಯಲ್ಲಿರುವಂಥ ಕೃಷಿ ವಿಜ್ಞಾನ ಕೇಂದ್ರಗಳ ವಿಷಯ ತಜ್ಞರ ಹುದ್ದೆಗೆ ಎಂಎಸ್ಸಿ ಬೇಕು. ನನ್ನ ಕಣ್ಣಿಗೆ ಬೇಸಾಯಶಾಸ್ತ್ರ ಓದಿದವರಿಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲ. ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಹಾಕಿ, ವಿಶ್ವವಿದ್ಯಾಲಯದ ಶಿಫಾರಸು ಅಲ್ಲಿ ನಿಲ್ಲುತ್ತದಾ ಅಂತ ನೋಡುವ ಕೆಲಸ ಅದು. ಸಹಾಯಕ ಪ್ರಾಧ್ಯಾಪಕ ಆಗಬೇಕೆನ್ನುವವರು ಎಂಎಸ್ಸಿ ಮುಗಿದ ಕೂಡಲೇ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ನೆಟ್ ಅರ್ಹತಾ ಪರೀಕ್ಷೆ ಬರೆದುಬಿಡಿ. ಸಾಮಾನ್ಯ ವರ್ಗಕ್ಕೆ ಶೇ. 50, ಹಿಂದುಳಿದ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಅಂಕ ಬಂದರೆ ಪಾಸ್. ಓದಿದ್ದು ನೆನಪಿರುವಾಗಲೇ ಇದು ಸುಲಭ.

ಪಿಎಚ್‌ಡಿ ವಿಷಯದಲ್ಲಿ ನನ್ನ ಸಲಹೆ ಎಂಎಸ್ಸಿಗೆ ಕೊಟ್ಟಿದ್ದಕ್ಕೆ ತಿರುವುಮುರುವು. ಎಂಎಸ್ಸಿ ನಮ್ಮ ಮಣ್ಣಿನಲ್ಲಿ ಮಾಡಿದ್ದರೆ ಪಿಎಚ್‌ಡಿಗೆ ಆದಷ್ಟು ಹೊರಗೆ ಹೋಗಿ. ಸಮಸ್ಯೆ ಏನು ಅಂತ ಈಗ ನಿಮಗೆ ಗೊತ್ತಿದೆ. ಬೇಕಾಗಿರುವುದು ಹೊಸ ಉಪಕರಣ, ಹೊಸ ವಿಧಾನ, ನಿಮ್ಮ ಮಾತನ್ನು ಸುಲಭವಾಗಿ ಒಪ್ಪದ ಜನ. ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ ಮೂರನ್ನೂ ಒಂದೇ ಕ್ಯಾಂಪಸ್ಸಿನಲ್ಲಿ ಮಾಡಿ, ಅಲ್ಲೇ ಮೇಷ್ಟ್ರಾದರೆ ವಿಭಾಗಕ್ಕೂ ಹೊಸ ಗಾಳಿ ಬರುವುದಿಲ್ಲ. ಹಣದ ವಿಷಯಕ್ಕೆ ಐಸಿಎಆರ್‌ನ ಪಿಎಚ್‌ಡಿ ಪರೀಕ್ಷೆಯ ಫೆಲೋಶಿಪ್ ಇದೆ. ಎಂಎಸ್ಸಿಯಲ್ಲಿ ಮೊದಲ ರ‍್ಯಾಂಕ್ ಬಂದವರು ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಕೇಂದ್ರದ ವಿಜ್ಞಾನ ಇಲಾಖೆಯ ಜೂನಿಯರ್ ಫೆಲೋಶಿಪ್ ದರ 2023ರ ಜನವರಿಯಿಂದ ತಿಂಗಳಿಗೆ 37,000, ಸೀನಿಯರ್ ದರ 42,000 ಆಗಿದೆ. ಫೆಲೋಶಿಪ್ ಇಲ್ಲದೆ ಪಿಎಚ್‌ಡಿಗೆ ಸೇರುವ ಮುನ್ನ ಮನೆಯ ಪರಿಸ್ಥಿತಿ ನೋಡಿ. ಮೂರು ವರ್ಷ ಅಂತ ಕಾಗದದಲ್ಲಿ ಇರುತ್ತದೆ, ಎರಡು ಹಂಗಾಮಿನ ಪ್ರಯೋಗ, ವಿಶ್ಲೇಷಣೆ, ಬರವಣಿಗೆ ಸೇರಿ ಅದು ಬೆಳೆಯುವುದೇ ಹೆಚ್ಚು.

ವಿದೇಶ ಅಂದರೆ ಶ್ರೀಮಂತರಿಗೆ ಮಾತ್ರ ಅನ್ನುವ ಭಾವನೆ ನಮ್ಮಲ್ಲಿದೆ. ಅಮೆರಿಕದ ಸರ್ಕಾರಿ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ಯೋಜನೆಯ ಹಣದಿಂದಲೇ ವಿದ್ಯಾರ್ಥಿಗೆ ಸಹಾಯಧನ ಸಿಗುತ್ತದೆ, ಬಹಳ ಸಲ ಶುಲ್ಕವೂ ಮಾಫಿ ಆಗುತ್ತದೆ. ಅದಕ್ಕೆ ಪ್ರಾಧ್ಯಾಪಕರಿಗೆ ನೇರ ಇಮೇಲ್ ಬರೆಯಬೇಕು. ನಿಮ್ಮ ಎಂಎಸ್ಸಿ ಪ್ರಯೋಗ ಏನು, ಏನು ಕಂಡಿತು ಅಂತ ನಾಲ್ಕು ಸಾಲಿನಲ್ಲಿ ಹೇಳಿ. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕ ಇಲ್ಲ. ಕೃಷಿಗೆ ಹೆಸರಾದ ಹೋಹೆನ್‌ಹೈಮ್ ಇರುವ ರಾಜ್ಯದಲ್ಲಿ ಎಂಎಸ್ಸಿ ಮಾಡುವ ನಮ್ಮಂಥ ಹೊರದೇಶದವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು, ಪಿಎಚ್‌ಡಿಯವರಿಗೆ ಅದು ಇಲ್ಲ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ, ಆ ವರ್ಷದ ನಿಯಮಗಳನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಗೈಡ್ ಹತ್ತಿರ ಹೋದಾಗ

ಯಾವ ಊರನ್ನೇ ಆರಿಸಿ, ಸೇರುವ ಮುನ್ನ ಒಮ್ಮೆ ಹೋಗಿ ಬನ್ನಿ. ಗೈಡ್ ಜೊತೆ ಮಾತಾಡುವುದಕ್ಕಿಂತ ಮೊದಲು ಅವರ ಈಗಿನ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯಿರಿ. ಹಿಂದಿನವರ ಪ್ರಬಂಧ ಎಷ್ಟು ತಿಂಗಳಲ್ಲಿ ಮುಗಿಯಿತು, ಕೂಲಿ ಮತ್ತು ಮಣ್ಣು ವಿಶ್ಲೇಷಣೆಯ ಖರ್ಚು ಯೋಜನೆಯದಾ ವಿದ್ಯಾರ್ಥಿಯದಾ, ಮೇಷ್ಟ್ರು ಹೊಲಕ್ಕೆ ಬರುತ್ತಾರಾ, ಪ್ರಬಂಧ ತಿದ್ದಿ ಕೊಡಲು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೇಳಿ. ಹುಡುಗಿಯರು ಸಂಶೋಧನಾ ಕೇಂದ್ರದಲ್ಲಿ ಉಳಿಯುವ ವ್ಯವಸ್ಥೆ, ಸಂಜೆ ಬಸ್ಸು, ಶೌಚಾಲಯದ ಬಗ್ಗೆ ಮುಲಾಜಿಲ್ಲದೆ ಕೇಳಿ. ಕೆಲವು ಕೇಂದ್ರಗಳು ಊರಿಂದ ದೂರ ಇವೆ, ಹೊಲದ ಕೆಲಸ ಕತ್ತಲಾದರೂ ಮುಗಿಯುವುದಿಲ್ಲ. ಇದು ಸಣ್ಣ ಪ್ರಶ್ನೆ ಅಂತ ಯಾರಾದರೂ ಅಂದರೆ ಆ ಗೈಡ್ ಬೇಡ.

ಹೊರಗೆ ಹೋಗುವವರು ಒಂದು ಕಾಗದ ಮರೆಯಬೇಡಿ. ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಬೇರೆ ಕಡೆ ಶೇ. 8 ಸೀಟುಗಳ ಮೀಸಲಾತಿ 2013ರಿಂದ ಬಂದಿದೆ. ಈ ಭಾಗದ ಸರ್ಕಾರಿ ಕೆಲಸಗಳಲ್ಲಿ ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80 ಸ್ಥಳೀಯರಿಗೆ. ದಿಲ್ಲಿಯಲ್ಲಿ ಓದಿ ಬಂದರೂ ಗಂಗಾವತಿಯಲ್ಲಿ ಕೆಲಸ ಕೇಳುವಾಗ ಆ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಓಡಾಡಿದರೆ ಅದು ಕೈಗೆ ಸಿಗುವುದಿಲ್ಲ.